ಐಸ್ ಮೇಲೆ ಕೂತು ಗಾಳ ಹಾಕಿದ್ದು

ಮಿನಿಯಾಪೊಲಿಸ್, ಅಮೆರಿಕ
ಜನವರಿ 18

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಮೊನ್ನೆ ಶನಿವಾರ ಮೀನು ಹಿಡಿಯಲು ಹೋಗಿದ್ದೆ. ದೋಣಿಯಲ್ಲಿ ಅಲ್ಲ, ನಡೆದುಕೊಂಡು! ಇಲ್ಲಿಂದ ಕಾರಿನಲ್ಲಿ ಹತ್ತಿರ ಹತ್ತಿರ ಎರಡು ತಾಸು ದೂರದಲ್ಲಿ ಮಿಲ್ ಲ್ಯಾಕ್ಸ್ ಅಂತ ಒಂದು ಸರೋವರ. 500 ಚದರ ಕಿಲೋಮೀಟರಿಗಿಂತ ಜಾಸ್ತಿ ಹರಡಿದೆ, ಆದರೆ ಎಲ್ಲಕ್ಕಿಂತ ಆಳವಾದ ಜಾಗ 42 ಅಡಿ. ನಮ್ಮ ಬಾವಿಯಷ್ಟೂ ಇಲ್ಲ. ಮೇಲೆ ನಡೆಯಲು ಕಡಿಮೆ ಅಂದರೂ 4 ಇಂಚು ಐಸ್ ಬೇಕು. ನಾವು ಕೂತಲ್ಲಿ 16 ಇಂಚು ಇತ್ತು. ಇದನ್ನು ಅಮ್ಮನಿಗೂ ಓದಿ ಹೇಳಿ.

ಜೊತೆಗಿದ್ದವರು ಆಫೀಸಿನ ಹಿರಿಯರೊಬ್ಬರು. ಆಳೆತ್ತರದ ಬೈರಿಗೆಯಿಂದ ತೂತು ಕೊರೆದರು. ನೀರಲ್ಲಿ ತೇಲುವ ಐಸ್ ಚೂರುಗಳನ್ನು, ಅಮ್ಮ ಬೋಂಡ ಎತ್ತುವಂಥದೇ ಜಾಲರಿ ಸೌಟಿನಲ್ಲಿ ಎತ್ತಿ ಎಸೆದರು. ಕೋಲು ಒಂದೂವರೆ ಮೊಳ, ಅಷ್ಟೇ. ಬೆಂಡೂ ಇಲ್ಲ.

ಹಿಡಿಯಬೇಕಾದ ಮೀನು ವಾಲೈ. ಅದರ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ. ಮಬ್ಬಿನಲ್ಲಿ ಚೆನ್ನಾಗಿ ಕಾಣುವುದರಿಂದ ಹೆಚ್ಚಾಗಿ ಸಂಜೆಯಾದ ಮೇಲೆ ಮೇಯಲು ಹೊರಡುತ್ತದೆ. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ, ಹಾಗಾಗಿ ಐಸಿನ ಕೆಳಗೆ ತಳದ ನೀರೇ ಕೊಂಚ ಬೆಚ್ಚಗೆ. ಈ ಮೀನೂ ತಳದಲ್ಲೇ ಇರುತ್ತದೆ. ಕೊಕ್ಕೆಗೆ ಸಣ್ಣ ಮೀನಿನ ತಲೆ ಸಿಕ್ಕಿಸಿ ತಳ ಮುಟ್ಟಿಸಬೇಕು, ಒಂದು ಗೇಣು ಮೇಲೆತ್ತಬೇಕು. ಒಂದೆರಡು ಸಲ ಕುಣಿಸಿ ಸುಮ್ನೆ ಬಿಡಬೇಕು. ಬಾಯಿ ಹಾಕುವುದು ಆ ಸುಮ್ಮನಿದ್ದಾಗಲೇ.

ಐದು ಗಂಟೆ ಹೊತ್ತಿಗೆ ದಾರ ಭಾರವಾಯಿತು. ಜಗ್ಗಲಿಲ್ಲ, ಒದ್ದೆ ಬಟ್ಟೆ ತೂಗಿದ ಹಾಗೆ, ಅಷ್ಟೇ. ನಾನು ಊರಲ್ಲಿ ಕುಚ್ಚು ಮೀನಿಗೆ ಎಳೆದ ಹಾಗೆ ಎಳೆದುಬಿಟ್ಟೆ. ತೂತಿನ ಬಾಯಿವರೆಗೂ ಬಂತು, ಆ ಹೊಳೆಯುವ ಕಣ್ಣೂ ಕಂಡಿತು, ಅಡ್ಡ ತಿರುಗಿ ಹೋಯಿತು. ನೀವಿದ್ದಿದ್ದರೆ ಬೈಯುತ್ತಿದ್ದಿರಿ. ಅವರು ಏನೂ ಅನ್ನದೆ ಕಾಫಿ ಕೊಟ್ಟರು. ಅದು ಇನ್ನೂ ಕಷ್ಟ.

ಎರಡನೆಯದು ತಪ್ಪಲಿಲ್ಲ. ಪಟ್ಟಿ ಇಟ್ಟು ಅಳೆದರು. ಅಳತೆಗೆ ಸರಿಯಿದ್ದರೆ ಮಾತ್ರ ಮನೆಗೆ ತರಬಹುದು. ಐಸ್ ಮೇಲೆ ಒಬ್ಬರಿಗೆ ಎರಡು ಗಾಳ, ಬೇಸಿಗೆಯಲ್ಲಿ ಒಂದೇ. ಇಲ್ಲಿ ಎಲ್ಲಕ್ಕೂ ಲೆಕ್ಕ.

ಮುಂದಿನ ವಾರ ರೇನ್‌ಬೋ ಟ್ರೌಟ್ ಹಿಡಿಯಲು ಬೇರೆ ಸಣ್ಣ ಕೆರೆಗೆ. ಅದು ತಳಕ್ಕೆ ಅಂಟಿಕೊಳ್ಳುವುದಿಲ್ಲ, ಎಷ್ಟೋ ಸಲ ಐಸಿನ ಕೆಳಗೆ ಐದಾರು ಅಡಿಯಲ್ಲೇ ಸುತ್ತುತ್ತದಂತೆ. ಬೂಟಿನ ಸದ್ದಿಗೂ ಬೆದರುತ್ತದಂತೆ.

ವಾಲೈ ಮುಳ್ಳು ಕಡಿಮೆ, ಮಾಂಸ ಬೆಳ್ಳಗೆ. ಸಾರು ಮಾಡಿದೆ, ಹುಣಸೆಹುಳಿ ಹಾಕಿ. ಸರಿ ಬರಲಿಲ್ಲ. ಈ ಕಡೆ ಬರುವವರು ಯಾರಾದರೂ ಸಿಕ್ಕಿದರೆ ಒಂದಿಷ್ಟು ವಾಟೆಹುಳಿ ಪುಡಿ ಕಳಿಸಿ.

ಇಂತಿ ನಿಮ್ಮ ಮಗ