‘ಇನ್ನೇನೂ ಮಾಡಲಾಗದು’ ಎಂದ ಮೇಲೆ ಮಾಡಬೇಕಾದ್ದು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾದಿಂದಾಗಿ ದೃಷ್ಟಿಯ ಬಹುಪಾಲನ್ನು ಕಳೆದುಕೊಂಡವರಲ್ಲಿ ನಾನೂ ಒಬ್ಬ. ಫೋನಿನ ಸ್ಕ್ರೀನ್ ರೀಡರ್ ಅಕ್ಷರ ಅಕ್ಷರವನ್ನೂ ಓದಿ ಹೇಳುತ್ತಿರುವಾಗ ಈ ಪತ್ರ ಬರೆಯುತ್ತಿದ್ದೇನೆ. ಕಣ್ಣಿನ ಚಿಕಿತ್ಸೆಯ ಬಗ್ಗೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಚಿಕಿತ್ಸೆಯೆಲ್ಲ ಮುಗಿದು, ಕಣ್ಣಿಗೆ ಮಾಡಲು ಏನೂ ಉಳಿಯದೆ ಹೋದಾಗ, ಆ ಮನುಷ್ಯನ ಆರೋಗ್ಯ ಯಾರ ಹೊಣೆ ಎಂದು ಕೇಳಬೇಕಾಗಿದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಹತ್ತಿರದ ಇಲ್ಲವೇ ದೂರದ ದೃಷ್ಟಿಯಲ್ಲಿ ತೊಂದರೆಯಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆಯನ್ನು ತಡೆಯಬಹುದಿತ್ತು, ಅಥವಾ ಈಗಲೂ ಸರಿಪಡಿಸಬಹುದು. ತಪಾಸಣಾ ಶಿಬಿರ, ಪೊರೆಯ ಆಪರೇಷನ್, ಕನ್ನಡಕ ವಿತರಣೆ ಎಲ್ಲವೂ ಈ ನೂರು ಕೋಟಿ ಜನರಿಗಾಗಿ ನಡೆಯುತ್ತಿವೆ, ನಡೆಯಲೇಬೇಕು. ಆದರೆ ಗ್ಲಾಕೋಮಾದಲ್ಲಿ ಸತ್ತ ದೃಷ್ಟಿನರ ಮತ್ತೆ ಚಿಗುರುವುದಿಲ್ಲ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲ ಸವೆಯುವ ಆನುವಂಶಿಕ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ಮದ್ದಿಲ್ಲ. ಸಕ್ಕರೆ ಕಾಯಿಲೆ ತಡವಾಗಿ ಪತ್ತೆಯಾದವರಲ್ಲಿ, ವಯಸ್ಸಿನಿಂದ ಅಕ್ಷಿಪಟಲದ ನಡುಭಾಗ ಹಾಳಾದವರಲ್ಲಿ, ಉಳಿದ ದೃಷ್ಟಿಯನ್ನು ಕಾಯ್ದುಕೊಳ್ಳುವುದೇ ಎಷ್ಟೋ ಸಲ ವೈದ್ಯರ ಕೈಲಾಗುವ ಕೆಲಸ. ಇವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಮಾತೊಂದಿದೆ: ‘ಇನ್ನೇನೂ ಮಾಡಲಾಗದು.’

ವೈದ್ಯರು ಅದನ್ನು ಕಣ್ಣಿನ ಬಗ್ಗೆ ಹೇಳಿರುತ್ತಾರೆ. ಕೇಳಿದವರಿಗೆ ಅದು ತಮ್ಮ ಬದುಕಿನ ಬಗ್ಗೆಯೇ ಹೇಳಿದ ಹಾಗೆ ಕೇಳಿಸುತ್ತದೆ. ನನಗೂ ಹಾಗೇ ಕೇಳಿಸಿತ್ತು. ಆ ಮಾತು ಹೇಳಿದವರು ಒಳ್ಳೆಯ ವೈದ್ಯರು, ಬೇಸರದಿಂದಲೇ ಹೇಳಿದರು. ಆದರೆ ಮುಂದೆ ಯಾರನ್ನು ಕಾಣಬೇಕು, ಏನು ಕಲಿಯಬೇಕು ಎಂದು ಯಾರೂ ತಿಳಿಸಲಿಲ್ಲ. ಚೀಟಿಯಲ್ಲಿ ಕಣ್ಣಿನ ಹನಿಗಳ ಹೆಸರಿತ್ತು, ಮುಂದಿನ ತಪಾಸಣೆಯ ದಿನಾಂಕವಿತ್ತು, ಅಷ್ಟೇ. ಬಿಳಿಕೋಲು ಹಿಡಿಯುವುದನ್ನು ಹೇಳಿಕೊಡುವವರು ಇರುತ್ತಾರೆ ಎಂದು ನನಗೆ ಬಹಳ ದಿನಗಳ ಮೇಲೆ ಗೊತ್ತಾಯಿತು, ಅದೂ ದೃಷ್ಟಿಯಿಲ್ಲದ ಇನ್ನೊಬ್ಬರಿಂದ.

ಈಗ ಮೊದಲು ಬೀಳುವುದರ ಬಗ್ಗೆ ಹೇಳುತ್ತೇನೆ, ಏಕೆಂದರೆ ದೃಷ್ಟಿ ಕಡಿಮೆಯಾದವರ ದೇಹಕ್ಕೆ ಎದುರಾಗುವ ಮೊದಲ ಅಪಾಯ ಅದೇ. ಮೆಟ್ಟಿಲಿನ ಕೊನೆಯ ಅಂಚು ಕಾಣುವುದಿಲ್ಲ, ಅರ್ಧ ತೆರೆದ ಬಾಗಿಲು ಹಣೆಗೆ ಬಡಿಯುತ್ತದೆ. ವಯಸ್ಸಾದವರಾದರೆ ಸೊಂಟದ ಮೂಳೆ ಮುರಿಯುತ್ತದೆ, ಆಮೇಲೆ ಹಾಸಿಗೆ. ನ್ಯೂಜಿಲೆಂಡಿನಲ್ಲಿ ದೃಷ್ಟಿ ತೀರಾ ಕುಗ್ಗಿದ, 75 ದಾಟಿದ 391 ಜನರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ತಜ್ಞರಾದ ಆಕ್ಯುಪೇಷನಲ್ ಥೆರಪಿಸ್ಟ್ ಮನೆಗೆ ಹೋಗಿ, ಎಡವುವ ಜಾಗಗಳನ್ನು ಆ ಮನೆಯವರ ಜೊತೆ ನಡೆದು ನೋಡಿ, ಸಡಿಲ ಜಮಖಾನೆ ತೆಗೆಸಿ, ಬೆಳಕು ಹೆಚ್ಚಿಸಿ, ಮೆಟ್ಟಿಲ ಅಂಚಿಗೆ ಬಣ್ಣ ಬಳಿಸಿ, ಹಿಡಿದುಕೊಳ್ಳಲು ಕಂಬಿ ಹಾಕಿಸುವಂಥ ಸಣ್ಣ ಬದಲಾವಣೆಗಳನ್ನು ಮಾಡಿಸಿದಾಗ ಬೀಳುವುದು 41 ಪ್ರತಿಶತ ಕಡಿಮೆಯಾಯಿತು. ದೊಡ್ಡ ಯಂತ್ರ ಬೇಕಾಗಲಿಲ್ಲ, ಹೊಸ ಔಷಧ ಬೇಕಾಗಲಿಲ್ಲ. ತಿಳಿದವರೊಬ್ಬರು ಮನೆಯ ಹೊಸ್ತಿಲು ತುಳಿಯಬೇಕಾಗಿತ್ತು. ಸೊಂಟ ಮುರಿದ ಮೇಲಿನ ಶಸ್ತ್ರಚಿಕಿತ್ಸೆಗೆ ಹಣ ಕೊಡುವ ವ್ಯವಸ್ಥೆ, ಅದು ಮುರಿಯದಂತೆ ನೋಡಿಕೊಳ್ಳುವ ಈ ಒಂದು ಭೇಟಿಗೆ ಏಕೆ ಹಣ ಕೊಡುವುದಿಲ್ಲ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬೀಳುವ ಭಯಕ್ಕೆ ಜನ ಕಂಡುಕೊಳ್ಳುವ ಉಪಾಯ ಕೂತುಬಿಡುವುದು. ಮನೆಯವರೂ ಪ್ರೀತಿಯಿಂದಲೇ ‘ನೀವು ಕೂತಿರಿ, ನಾವು ಮಾಡುತ್ತೇವೆ’ ಎನ್ನುತ್ತಾರೆ. ಕೂತಷ್ಟೂ ಕಾಲಿನ ಬಲ ಹೋಗುತ್ತದೆ, ಸಮತೋಲ ಹೋಗುತ್ತದೆ, ತೂಕ ಏರುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಹಿಡಿತ ತಪ್ಪುತ್ತವೆ. ಬೀಳುವ ಸಂಭವವೂ ಹೆಚ್ಚುತ್ತದೆ. ದೃಷ್ಟಿ ಹೋದವರಿಗೆ ವ್ಯಾಯಾಮ ಮೊದಲಿಗಿಂತ ಹೆಚ್ಚು ಬೇಕು. ಗೋಡೆ ಹಿಡಿದು ಒಂಟಿ ಕಾಲಿನ ಮೇಲೆ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಜೊತೆಗಾರರ ಮೊಣಕೈ ಹಿಡಿದು ಬಿರುಸಾಗಿ ನಡೆಯುವುದು, ಇವಕ್ಕೆ ಕಣ್ಣು ಬೇಕಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಈ ಪತ್ರ ಓದುವ ಉಳಿದವರಿಗೂ ಉಪಯೋಗವಾಗಲಿ: ದೃಷ್ಟಿಯಿಲ್ಲದವರ ತೋಳು ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಯನ್ನು ಅವರು ಹಿಡಿಯಲಿ. ಅರ್ಧ ಹೆಜ್ಜೆ ಮುಂದಿರುವ ನಿಮ್ಮ ದೇಹದ ಏರಿಳಿತದಿಂದಲೇ ಮುಂದೆ ಮೆಟ್ಟಿಲಿದೆ ಎಂದು ಅವರಿಗೆ ತಿಳಿಯುತ್ತದೆ.

ಇನ್ನು ಕೋಲು. ಬಿಳಿಕೋಲನ್ನು ಕೊಡುವುದು ದಾನದ ಕೆಲಸ, ಫೋಟೊ ತೆಗೆಸಿಕೊಳ್ಳುವ ಕೆಲಸ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಅದನ್ನು ಹಿಡಿದು ನಡೆಯುವ ಇಂದಿನ ಕ್ರಮ ಹುಟ್ಟಿದ್ದು ಆಸ್ಪತ್ರೆಯಲ್ಲಿ, ಸಚಿವರೇ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿದ್ದಾಗ, ರಿಚರ್ಡ್ ಹೂವರ್ ಎಂಬವರು ಉದ್ದನೆಯ ಹಗುರ ಕೋಲನ್ನು, ಅದನ್ನು ಬೀಸಿ ನಡೆಯುವ ಕ್ರಮವನ್ನು ರೂಪಿಸಿದರು. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಇಟ್ಟಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳಲಿರುವ ನೆಲವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಕೇಳಲು ಸುಲಭ. ಆದರೆ ಕಾಲು, ಕೈ, ಕಿವಿ ಮೂರೂ ಒಂದಾಗುವವರೆಗೆ ಗುರುವೊಬ್ಬರು ಜೊತೆಗೆ ನಡೆಯಬೇಕು. ತರಬೇತಿಯಿಲ್ಲದೆ ಕೊಟ್ಟ ಕೋಲು ಬಹುತೇಕ ಬಾಗಿಲ ಹಿಂದೆ ಸೇರುತ್ತದೆ. ಗಂಟೆಯಿರುವ ಚೆಂಡನ್ನು ಕಿವಿಯಿಂದಲೇ ಗುರುತಿಸಿ ತಡೆಯುವ ಗೋಲ್‌ಬಾಲ್ ಆಟವೂ 1946ರಲ್ಲಿ ಯುದ್ಧದಲ್ಲಿ ಕುರುಡಾದ ಸೈನಿಕರ ಪುನರ್ವಸತಿಗೆಂದೇ ಹುಟ್ಟಿದ್ದು. 1976ರಿಂದ ಅದು ಪ್ಯಾರಾಲಿಂಪಿಕ್ಸ್‌ನಲ್ಲಿದೆ. ನಡೆಯುವುದನ್ನು, ಆಡುವುದನ್ನು ಮತ್ತೆ ಕಲಿಸುವುದು ಅಂದು ಚಿಕಿತ್ಸೆಯ ಭಾಗವಾಗಿತ್ತು. ಆಮೇಲೆ ಅದನ್ನು ಆಸ್ಪತ್ರೆಯಿಂದ ಹೊರಗೆ ಕಳಿಸಿ, ಸಮಾಜಸೇವೆ ಎಂದು ಬೇರೆ ಕಡತಕ್ಕೆ ಸೇರಿಸಲಾಯಿತು.

ನಿದ್ದೆಯ ಬಗ್ಗೆ ಯಾರೂ ಕೇಳುವುದಿಲ್ಲ. ಅಕ್ಷಿಪಟಲದಲ್ಲಿ ನೋಡುವ ಕೋಶಗಳ ಜೊತೆಗೆ ಬೆಳಕು ಇದೆಯೋ ಇಲ್ಲವೋ ಎಂದಷ್ಟೇ ಮಿದುಳಿಗೆ ತಿಳಿಸುವ ಕೋಶಗಳೂ ಇವೆ. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ವಸ್ತುವಿದೆ. ದೇಹದೊಳಗಿನ ಗಡಿಯಾರ ಹೆಚ್ಚಿನವರಲ್ಲಿ 24 ಗಂಟೆಗಿಂತ ತುಸು ನಿಧಾನ, ಈ ಕೋಶಗಳು ತರುವ ಬೆಳಕಿನ ಸುದ್ದಿ ಅದನ್ನು ಪ್ರತಿದಿನ ಸರಿಪಡಿಸುತ್ತದೆ. ಬೆಳಕು ಒಂದಿಷ್ಟೂ ತಿಳಿಯದವರಲ್ಲಿ ಆ ತಿದ್ದುಪಡಿ ನಿಲ್ಲಬಹುದು. ಆಗ ನಿದ್ದೆಯ ಹೊತ್ತು ದಿನದಿಂದ ದಿನಕ್ಕೆ ಜಾರುತ್ತ ಹೋಗಿ, ಕೆಲವು ವಾರ ರಾತ್ರಿ ನಿದ್ದೆ, ಕೆಲವು ವಾರ ಹಗಲೆಲ್ಲ ತೂಕಡಿಕೆ. ಸುತ್ತಲಿನವರು ಸೋಮಾರಿತನ ಎನ್ನುತ್ತಾರೆ, ಕೆಲಸ ಹೋಗುತ್ತದೆ. ಇದು ಹೆಸರಿರುವ ಕಾಯಿಲೆ. ಸರಿಯಾದ ಹೊತ್ತಿನಲ್ಲಿ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಕೊಡುವುದೂ ಸೇರಿದಂತೆ ವೈದ್ಯರು ನೋಡಿಕೊಳ್ಳಬಹುದಾದ ಕಾಯಿಲೆ. ಸ್ವಲ್ಪವಾದರೂ ಬೆಳಕು ತಿಳಿಯುವವರು ಹಗಲಲ್ಲಿ ಹೊರಗೆ ಬರುವುದು, ಏಳುವ ಮತ್ತು ಉಣ್ಣುವ ಹೊತ್ತನ್ನು ತಪ್ಪಿಸದಿರುವುದು ಒಳ್ಳೆಯದು. ‘ನಿದ್ದೆ ಹೇಗಿದೆ?’ ಎಂದು ಕಣ್ಣಿನ ವಿಭಾಗದಲ್ಲಿ ಯಾರಾದರೂ ಕೇಳಬೇಕು, ಅಷ್ಟೇ ನನ್ನ ಬೇಡಿಕೆ.

ಮನಸ್ಸಿನ ಮಾತು ದೀರ್ಘವಾದದ್ದು. ದೃಷ್ಟಿ ಹೋಗುವುದು ಹತ್ತಿರದವರೊಬ್ಬರು ತೀರಿಕೊಂಡ ಹಾಗೆ. ದುಃಖ ಪಡಲು ಅದಕ್ಕೂ ಸಮಯ ಬೇಕು. ದುಃಖಿಸುವವರನ್ನು ‘ಧೈರ್ಯ ತಂದುಕೋ’ ಎಂದು ಅವಸರಿಸಬಾರದು. ಆದರೆ ಆ ದುಃಖ ತಿಂಗಳುಗಟ್ಟಲೆ ಹಾಗೇ ಉಳಿದು, ಊಟ ರುಚಿಸದೆ, ಯಾರ ಜೊತೆಗೂ ಮಾತು ಬೇಡವಾಗಿ, ಬದುಕೇ ಬೇಡವೆನಿಸಿದರೆ ಅದು ಖಿನ್ನತೆ, ಅದಕ್ಕೆ ಚಿಕಿತ್ಸೆಯಿದೆ. ವಯಸ್ಸಿನಿಂದ ಅಕ್ಷಿಪಟಲ ಹಾಳಾದವರ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಮಂದದೃಷ್ಟಿಯ ಪುನರ್ವಸತಿಯ ಜೊತೆಗೆ, ಬಿಟ್ಟುಹೋದ ಇಷ್ಟದ ಕೆಲಸಗಳನ್ನು ಸಣ್ಣ ಸಣ್ಣ ಹಂತಗಳಲ್ಲಿ ಮತ್ತೆ ಹಿಡಿಯುವಂತೆ ಮನೆಗೇ ಹೋಗಿ ಕಲಿಸಿದರು. ಇದರ ಬದಲು ಸಾಂತ್ವನದ ಮಾತು ಸಿಕ್ಕವರಿಗೆ ಹೋಲಿಸಿದರೆ ಇವರಲ್ಲಿ ಖಿನ್ನತೆ ಶುರುವಾದವರ ಸಂಖ್ಯೆ ನಾಲ್ಕು ತಿಂಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು. ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಸಮಾಧಾನದ ಮಾತುಗಳು ನನ್ನನ್ನು ಇನ್ನಷ್ಟು ಒಂಟಿಯಾಗಿಸಿದ್ದವು. ಸ್ವಂತ ಕೈಯಿಂದ ಸ್ಟೌ ಹಚ್ಚಿ ನೀರು ಕಾಯಿಸಿದ ಬೆಳಿಗ್ಗೆ ಮನಸ್ಸು ಹಗುರಾಯಿತು.

ಇನ್ನೊಂದು ವಿಷಯ, ಇದನ್ನು ಹೇಳಲು ಎಷ್ಟೋ ಜನ ಹೆದರುತ್ತಾರೆ. ದೃಷ್ಟಿ ಕುಂದಿದ ಕೆಲವರಿಗೆ ಇಲ್ಲದ ದೃಶ್ಯಗಳು ಕಾಣುತ್ತವೆ: ಸಾಲು ಸಾಲು ಜನ, ಹೂವಿನ ವಿನ್ಯಾಸ, ಹಕ್ಕಿ, ಕಟ್ಟಡ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಶಾರ್ಲ್ ಬೊನೆ 1760ರಲ್ಲಿ ತನ್ನ ತಾತನಿಗೆ ಹೀಗಾಗುವುದನ್ನು ದಾಖಲಿಸಿದ. ತಾತನ ಬುದ್ಧಿ ಚುರುಕಾಗಿಯೇ ಇತ್ತು, ಕಣ್ಣಷ್ಟೇ ಮಂಜಾಗಿತ್ತು. ಕಣ್ಣಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳು ತಾನೇ ಚಿತ್ರಗಳನ್ನು ಕಟ್ಟುತ್ತದೆ. ಇದಕ್ಕೂ ಹುಚ್ಚಿಗೂ ಸಂಬಂಧವಿಲ್ಲ. ಆದರೆ ಹುಚ್ಚೆಂದುಕೊಂಡಾರು ಎಂಬ ಅಂಜಿಕೆಯಿಂದ ವಯಸ್ಸಾದವರು ಇದನ್ನು ಮಕ್ಕಳಿಂದಲೂ ಮುಚ್ಚಿಡುತ್ತಾರೆ. ಒಬ್ಬರೇ ಕೂತು ಆ ಭಯ ಅನುಭವಿಸುತ್ತಾರೆ. ‘ಹೀಗೆ ಕಾಣಬಹುದು, ಕಂಡರೆ ಬಂದು ಹೇಳಿ, ಗಾಬರಿ ಬೇಡ’ ಎಂದು ಕಣ್ಣಿನ ವೈದ್ಯರು ಮುಂಚೆಯೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಷ್ಟು ಕಡಿಮೆ ಖರ್ಚಿನ ಚಿಕಿತ್ಸೆ ವೈದ್ಯಕೀಯದಲ್ಲಿ ಬೇರೆ ಇದೆಯೇ?

ಔಷಧದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡವರು ಅದೇ ಕಾಯಿಲೆಗೆ ಪ್ರತಿದಿನ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳಬೇಕು, ಸಕ್ಕರೆಯ ಮಟ್ಟ ನೋಡಿಕೊಳ್ಳಬೇಕು, ಪಾದದಲ್ಲಿ ಹುಣ್ಣಾಗಿದೆಯೇ ಎಂದು ಪರೀಕ್ಷಿಸಬೇಕು. ಇವೆಲ್ಲಕ್ಕೂ ಕಣ್ಣೇ ಬೇಕು ಎಂಬಂತೆ ನಾವು ವ್ಯವಸ್ಥೆ ಮಾಡಿಟ್ಟಿದ್ದೇವೆ. ಫಲಿತಾಂಶವನ್ನು ಮಾತಿನಲ್ಲಿ ಹೇಳುವ ಗ್ಲುಕೋಮೀಟರ್‌ಗಳಿವೆ, ಬಿಪಿ ಯಂತ್ರಗಳಿವೆ. ಐರೋಪ್ಯ ಒಕ್ಕೂಟ 2004ರ ತನ್ನ ನಿರ್ದೇಶನದಲ್ಲೇ ಔಷಧದ ಹೊರಪೊಟ್ಟಣದ ಮೇಲೆ ಅದರ ಹೆಸರು ಬ್ರೈಲ್‌ನಲ್ಲಿರಬೇಕು ಎಂದು ಕಡ್ಡಾಯ ಮಾಡಿತು. ನಮ್ಮಂಥವರು ಸದ್ಯಕ್ಕೆ ಒಂದು ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಇನ್ನೊಂದಕ್ಕೆ ಎರಡು ಸುತ್ತಿ ಕಾಲ ಹಾಕುತ್ತಿದ್ದೇವೆ. ಒಂದೇ ಆಕಾರದ ಎರಡು ಮಾತ್ರೆ ಪಟ್ಟಿಗಳು ಅದಲುಬದಲಾದರೆ ಏನಾಗುತ್ತದೆ ಎಂದು ಆರೋಗ್ಯ ಸಚಿವರಿಗೆ ನಾನು ವಿವರಿಸಬೇಕಿಲ್ಲ.

ಅಂಗವೈಕಲ್ಯ ಇರುವವರ ಹಕ್ಕುಗಳ ಕುರಿತು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 26ನೆಯ ವಿಧಿ, ಪುನರ್ವಸತಿ ಸಾಧ್ಯವಾದಷ್ಟು ಬೇಗ ಆರಂಭವಾಗಬೇಕು ಎನ್ನುತ್ತದೆ. ಅದು ಯಾವ ಯಾವ ಕ್ಷೇತ್ರಗಳಲ್ಲಿ ಎಂದು ಹೇಳುವಾಗ ಮೊದಲು ಹೆಸರಿಸುವುದು ಆರೋಗ್ಯವನ್ನು. ಹಾಗಾಗಿ ‘ಇದು ನಮ್ಮ ಇಲಾಖೆಗೆ ಬರುವುದಿಲ್ಲ’ ಎಂಬ ಉತ್ತರವನ್ನು ದಯವಿಟ್ಟು ಕೊಡಬೇಡಿ. ಆ ಉತ್ತರ ನಮಗೆ ಆಗಲೇ ಬಂದಿದೆ, ಒಂದಕ್ಕಿಂತ ಹೆಚ್ಚು ಕಚೇರಿಗಳಿಂದ.

ನಮ್ಮಿಂದ ಜನ ಬಯಸುವುದು ಗಟ್ಟಿತನ. ಬೆಟ್ಟ ಹತ್ತಿದ ಅಂಧರ, ಪದವಿ ಪಡೆದ ಅಂಧರ ಕಥೆ ಹೇಳಿ ನಮ್ಮನ್ನು ಹುರಿದುಂಬಿಸುತ್ತಾರೆ. ಅವರ ಸಾಧನೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಂಥವರಲ್ಲಿ ನನಗೆ ಗೊತ್ತಿರುವ ಪ್ರತಿಯೊಬ್ಬರ ಹಿಂದೆಯೂ ಕೋಲು ಕಲಿಸಿದ ಒಬ್ಬರು, ಓದಲು ಕಲಿಸಿದ ಒಬ್ಬರು, ಸುಮ್ಮನೆ ಜೊತೆಗೆ ಕೂತ ಒಬ್ಬರು ಇದ್ದಾರೆ. ಅಂಥ ನೆರವು ಸಿಗದವರು ಮನೆಯೊಳಗೇ ಉಳಿದಿದ್ದಾರೆ, ಅವರ ಕಥೆ ಯಾರಿಗೂ ತಲುಪಿಲ್ಲ.

ನಾನು ಕೇಳುವುದು ಇಷ್ಟು. ದೃಷ್ಟಿ ಮರಳುವುದಿಲ್ಲ ಎಂದು ತಿಳಿಸಿದ ದಿನವೇ ಪುನರ್ವಸತಿಗೆ ಕಳಿಸುವ ಚೀಟಿಯನ್ನು ರೋಗಿಯ ಕೈಗೆ ಕೊಡುವುದು ಕಡ್ಡಾಯವಾಗಲಿ. ಅದರಲ್ಲಿರುವುದನ್ನು ಯಾರಾದರೂ ಬಾಯಿಬಿಟ್ಟು ಓದಿಯೂ ಹೇಳಲಿ. ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಮಂದದೃಷ್ಟಿಯ ಸಲಹೆ, ಚಲನವಲನ ತರಬೇತಿ, ಆಪ್ತಸಮಾಲೋಚನೆ ಒಂದೇ ಸೂರಿನಡಿ ಸಿಗಲಿ, ಮನೆಗೆ ಹೋಗಿ ನೋಡುವವರ ವೇತನ ಆರೋಗ್ಯ ಬಜೆಟ್‌ನಿಂದಲೇ ಬರಲಿ. ಪ್ರತಿ ತಪಾಸಣೆಯಲ್ಲೂ ಕಣ್ಣಿನ ಒತ್ತಡ ಅಳೆಯುವವರು ಬಿದ್ದಿರಾ, ನಿದ್ದೆ ಬರುತ್ತದೆಯೇ, ಮನಸ್ಸು ಹೇಗಿದೆ, ಏನಾದರೂ ಕಾಣುತ್ತದೆಯೇ ಎಂದು ಕೇಳಿ ಬರೆದುಕೊಳ್ಳಲಿ. ಔಷಧದ ಹೆಸರನ್ನು ಮುಟ್ಟಿಯೋ ಕೇಳಿಯೋ ತಿಳಿಯುವಂತಾಗಲಿ. ಈ ಸೇವೆಗಳನ್ನು ರೂಪಿಸುವ ಸಮಿತಿಯಲ್ಲಿ ದೃಷ್ಟಿಯಿಲ್ಲದವರು ಸದಸ್ಯರಾಗಿರಲಿ, ಅತಿಥಿಗಳಾಗಿ ಬೇಡ.

ಇವುಗಳಲ್ಲಿ ಕೆಲವಕ್ಕೆ ಹಣ, ಹುದ್ದೆ, ಸಮಯ ಬೇಕು ಎಂದು ಬಲ್ಲೆ. ಚೀಟಿಗೆ ಅವು ಬೇಕಿಲ್ಲ. ಈಗಿರುವ ತರಬೇತಿ ಕೇಂದ್ರಗಳ, ಸಂಘಗಳ ವಿವರ ಸೇರಿಸಿ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ವರ್ಷಕ್ಕೆ ಎಷ್ಟು ಪೊರೆ ಶಸ್ತ್ರಚಿಕಿತ್ಸೆ ನಡೆಯಿತು ಎಂದು ಲೆಕ್ಕ ಇಡುವ ಇಲಾಖೆ, ಎಷ್ಟು ಜನರಿಗೆ ಈ ಚೀಟಿ ಸಿಕ್ಕಿತು, ಅವರಲ್ಲಿ ಎಷ್ಟು ಜನ ತರಬೇತಿಗೆ ತಲುಪಿದರು ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ಪ್ರಕಟಿಸಲಿ. ಸುತ್ತೋಲೆಯ ಕರಡು ತಯಾರಿಸಲು ನನ್ನಂಥವರ ನೆರವು ಬೇಕಿದ್ದರೆ ಕರೆಯಿರಿ, ಬರುತ್ತೇವೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ದೃಷ್ಟಿ ಕಳೆದುಕೊಂಡ ಒಬ್ಬ ನಾಗರಿಕ