ರಾಜಮಾತೆಯ ಸೀರೆಯಾಚೆಗೆ

ಮಾನ್ಯ ಸಂಪಾದಕರೇ,

ಜೈಪುರದ ರಾಜಮಾತೆ ಗಾಯತ್ರಿ ದೇವಿಯವರ ಮಾತು ಬಂದಾಗಲೆಲ್ಲ ಅವರ ರೂಪ, ಸೀರೆ, ಮುತ್ತಿನ ಹಾರಗಳದ್ದೇ ವರ್ಣನೆ. ಓದಿದಾಗ ಬೇಸರವಾಗುತ್ತದೆ. ಪರದೆ ಪದ್ಧತಿ ಬಿಗಿಯಾಗಿದ್ದ ಊರಿನಲ್ಲಿ 1943ರಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ಅವರು. ಕಾಂಗ್ರೆಸ್ ಪ್ರಬಲವಾಗಿದ್ದ 1962ರಲ್ಲಿ ‘ಸ್ವತಂತ್ರ’ ಎಂಬ ವಿರೋಧ ಪಕ್ಷದಿಂದ ಲೋಕಸಭೆಗೆ ನಿಂತು, ಸುಮಾರು 2.46 ಲಕ್ಷ ಮತಗಳಲ್ಲಿ 1.92 ಲಕ್ಷಕ್ಕೂ ಹೆಚ್ಚು ಪಡೆದರು. ಎಂಥ ಗೆಲುವು! 1967, 1971ರಲ್ಲೂ ಜನ ಕೈಬಿಡಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ತಿಹಾರ್ ಜೈಲು ಸೇರಿದಾಗ ಅವರು ಹಾಲಿ ಸಂಸದೆ. ಅರಮನೆಯ ಸುಖ ಬಿಟ್ಟು ವಿರೋಧ ಪಕ್ಷದ ಸಾಲನ್ನು ತಾವೇ ಆರಿಸಿಕೊಂಡಿದ್ದ ಅವರ ಸಂಸದೀಯ ಬದುಕಿನ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಒಂದು ವಿವರವಾದ ಲೇಖನ ಬರಲಿ ಎಂದು ಕೋರುತ್ತೇನೆ.

– ಓರ್ವ ಓದುಗಿ