ಕಥೆಯ ಆಟಗಳನ್ನು ಜೂಜಿನ ಸಾಲಿಗೆ ಸೇರಿಸಬೇಡಿ

ಮಾನ್ಯ ಸಂಪಾದಕರೇ,

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದಾಗಿನಿಂದ, ವಿಡಿಯೊ ಗೇಮ್ ಎಂದರೆ ಒಂದೋ ಜೂಜು, ಇಲ್ಲವೇ ಗುಂಡು ಹಾರಿಸುವುದು ಎಂಬಂತೆ ನಮ್ಮ ಭಾಗದಲ್ಲಿ ಮಾತು ನಡೆಯುತ್ತಿದೆ. ಕಾಯ್ದೆ ಬಂದದ್ದು ಒಳ್ಳೆಯದೇ. ಆದರೆ ಬಾಜಿಯೂ ಇಲ್ಲದ, ಬಂದೂಕೂ ಇಲ್ಲದ ಆಟಗಳಿವೆ. ಒಂದು ಜಾಗದಲ್ಲಿ ಸುತ್ತಾಡುತ್ತ, ಅಲ್ಲಿ ಬದುಕಿದವರ ಕಥೆಯನ್ನು ಆಡುವವರೇ ಕಂಡುಕೊಳ್ಳಬೇಕು. ಇವನ್ನು ಹೊಸದಾಗಿ ಆಡಿದವರಲ್ಲಿ ಹಲವರು ‘ಇದರಲ್ಲಿ ಏನೂ ನಡೆಯೋದೇ ಇಲ್ಲ’ ಎಂದೋ ‘ತಲೆ ತಿರುಗುತ್ತದೆ’ ಎಂದೋ ಅರ್ಧಕ್ಕೇ ಬಿಡುತ್ತಾರೆ. ಎರಡಕ್ಕೂ ಪರಿಹಾರವಿದೆ.

ಏನೂ ನಡೆಯುವುದಿಲ್ಲ ಎನಿಸುವುದು ಓಡುವುದರಿಂದ. 2013ರ ‘ಗಾನ್ ಹೋಮ್’ ನೋಡಿ. 1995ರ ಜೂನ್ ತಿಂಗಳ ಮಳೆಯ ರಾತ್ರಿ, ಯುರೋಪ್ ಪ್ರವಾಸ ಮುಗಿಸಿ ಬಂದ ಹಿರಿಯ ಮಗಳಿಗೆ ಮನೆಯಲ್ಲಿ ಯಾರೂ ಸಿಗುವುದಿಲ್ಲ. ದೆವ್ವ ಬರುತ್ತದೆಂದು ಕಾಯುತ್ತ ಬಾಗಿಲಿಂದ ಬಾಗಿಲಿಗೆ ಓಡಿದವರಿಗೆ ತಂಗಿಯ ಕಥೆ ಮಾತ್ರ ದಕ್ಕುತ್ತದೆ, ಅದನ್ನು ಅವಳ ದನಿಯೇ ಹೇಳಿಬಿಡುತ್ತದಲ್ಲ. ತಂದೆಯ ಕಥೆ ಹೇಳುವವರಿಲ್ಲ. ಮಾರಾಟವಾಗದೆ ಪೆಟ್ಟಿಗೆಯಲ್ಲೇ ಉಳಿದ ಅವನ ಕಾದಂಬರಿಗಳು, ಬಂದ ಪತ್ರಗಳು, ನೆಲಮಾಳಿಗೆಯ ಸಾಮಾನುಗಳು, ಇವನ್ನೆಲ್ಲ ಒಂದಕ್ಕೊಂದು ಕೂಡಿಸಿಕೊಂಡಾಗಲೇ ಆ ಮನುಷ್ಯ ಏಕೆ ಹಾಗಿದ್ದಾನೆಂದು ತಿಳಿಯುತ್ತದೆ. ಒಂದು ಕೋಣೆಗೆ ಹೋದರೆ ಮೊದಲು ದೀಪ ಹಾಕಿ, ಎಲ್ಲ ಡ್ರಾಯರ್ ತೆಗೆಯಿರಿ, ಕೈಗೆ ಸಿಕ್ಕಿದ್ದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ. ಆಮೇಲೆ ಮುಂದಿನ ಕೋಣೆ. ಕತ್ತಲೆಗೆ ಅಂಜುವವರು ಮನೆಯ ದೀಪಗಳೆಲ್ಲ ಮೊದಲೇ ಉರಿಯುವಂತೆ ಆಟದ ಆರಂಭದಲ್ಲೇ ಆಯ್ಕೆ ಮಾಡಿಕೊಳ್ಳಬಹುದು.

ಈ ಬಗೆಯ ಆಟಕ್ಕೆ ಏನು ಸಾಧ್ಯವೆಂದು ತಿಳಿಯಬೇಕಾದರೆ 2017ರ ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ ಆಡಬೇಕು. ಅದರಲ್ಲಿ ಮೀನಿನ ಕಾರ್ಖಾನೆಯಲ್ಲಿ ದುಡಿಯುವ ಯುವಕನ ಭಾಗವಿದೆ. ಗೇಮ್‌ಪ್ಯಾಡಿನ (ಎರಡೂ ಕೈಯಲ್ಲಿ ಹಿಡಿದು ಆಡುವ ಸಾಧನದ) ಬಲಗಡ್ಡಿಯಿಂದ, ಅಂದರೆ ಬಲ ಹೆಬ್ಬೆರಳಿನಿಂದ ಆಡಿಸುವ ಗುಬುಟಿನಿಂದ, ಮೀನು ಎಳೆದು ತಲೆ ಕತ್ತರಿಸಿ ಆಚೆ ಎಸೆಯಬೇಕು. ಅದೇ ಹೊತ್ತಿಗೆ ಎಡಗಡ್ಡಿಯಿಂದ ಅವನ ಕನಸಿನ ರಾಜ್ಯದಲ್ಲಿ ನಡೆಯಬೇಕು. ಕನಸು ಬೆಳೆಯುತ್ತ ಬೆಳೆಯುತ್ತ ಪರದೆಯನ್ನೆಲ್ಲ ಆವರಿಸುತ್ತದೆ. ಮೀನು ಕಾಣದಿದ್ದರೂ ಬಲಗೈ ಕತ್ತರಿಸುತ್ತಲೇ ಇರುತ್ತದೆ. ಅವನ ಬೇಸರವನ್ನು ಓದಿ ತಿಳಿಯುವುದು ಬೇರೆ, ನಮ್ಮ ಕೈಯೇ ಅವನ ಕೈಯಾಗಿಬಿಡುವುದು ಬೇರೆ. ಸಿನಿಮಾಕ್ಕೆ ಇದು ಎಟುಕದು. ಕೀಬೋರ್ಡ್, ಮೌಸ್‌ನಲ್ಲೂ ಆಡಬಹುದು, ಆದರೆ ಈ ಭಾಗದ ಸಲುವಾಗಿಯಾದರೂ ಗೇಮ್‌ಪ್ಯಾಡ್ ಬಳಸಿ, ಆ ಹೊತ್ತಿನಲ್ಲಿ ಬೇರೆಯವರ ಕೈಗೆ ಕೊಡಬೇಡಿ. ಒಂದು ಎಚ್ಚರಿಕೆ: ಇದು ಒಂದೇ ಮನೆತನದ ಸಾವುಗಳ ಕಥೆ, ಕೂಸುಗಳ ಸಾವೂ ಇದೆ. ಇತ್ತೀಚೆಗೆ ಸಾವು ಕಂಡ ಮನೆಯವರು ಸದ್ಯಕ್ಕೆ ಮುಟ್ಟದಿರುವುದು ಲೇಸು.

ಇನ್ನು ತಲೆ ತಿರುಗುವುದು. ಕಣ್ಣು ‘ನಡೆಯುತ್ತಿದ್ದೇನೆ’ ಎನ್ನುತ್ತದೆ, ಒಳಗಿವಿ ‘ಕುಳಿತಿದ್ದೇನೆ’ ಎನ್ನುತ್ತದೆ. ಈ ತಕರಾರಿನಿಂದಲೇ ಹೊಟ್ಟೆ ತೊಳಸುವುದು. ಆಟದ ಸೆಟ್ಟಿಂಗ್ಸ್‌ನಲ್ಲಿ ‘ಫೀಲ್ಡ್ ಆಫ್ ವ್ಯೂ’ (ಒಮ್ಮೆಗೆ ಕಾಣುವ ನೋಟದ ಅಗಲ) 60ರ ಆಸುಪಾಸಿನಲ್ಲಿದ್ದರೆ 80–90 ಡಿಗ್ರಿಗೆ ಏರಿಸಿ. ‘ಮೋಷನ್ ಬ್ಲರ್’ (ಚಲಿಸುವಾಗ ಚಿತ್ರ ಮಸುಕಾಗುವುದು) ಮತ್ತು ‘ಹೆಡ್ ಬಾಬ್’ (ನಡೆಯುವಾಗ ನೋಟ ಮೇಲೆ ಕೆಳಗೆ ಕುಲುಕುವುದು) ಇದ್ದರೆ ತೆಗೆಯಿರಿ. ಕೋಣೆಯ ದೀಪ ಉರಿಯುತ್ತಿರಲಿ, ಪರದೆಯಿಂದ ತುಸು ದೂರ ಕೂಡಿ. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಬೇಸಿಗೆಯಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಲ್ಯಾಪ್‌ಟಾಪ್ ಕಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಚಿತ್ರ ತಡೆತಡೆದು ಬರುತ್ತದೆ, ತಲೆ ಇನ್ನಷ್ಟು ತಿರುಗುತ್ತದೆ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, 60ಕ್ಕೂ 25ಕ್ಕೂ ನಡುವೆ ಜೋಲಿ ಹೊಡೆಯುವುದಕ್ಕಿಂತ 30ಕ್ಕೆ ಕಟ್ಟಿಹಾಕಿದ್ದು ಎಷ್ಟೋ ಮೇಲು. ಸೆಟ್ಟಿಂಗ್ಸ್‌ನಲ್ಲಿ ನೆರಳಿನ ಗುಣಮಟ್ಟ ಇಳಿಸಿ, ಲ್ಯಾಪ್‌ಟಾಪಿನ ಹಿಂಬದಿ ಎತ್ತರಿಸಿ ಗಾಳಿಯಾಡಲು ಬಿಡಿ. ಇಷ್ಟಾದರೂ ಸಂಕಟವಾದರೆ ತಕ್ಷಣ ನಿಲ್ಲಿಸಿ, ಹಟ ಹಿಡಿದು ಆಡಿದರೆ ಅದು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಆಟ ಮಾರುವ ಆನ್‌ಲೈನ್ ಅಂಗಡಿ ‘ಸ್ಟೀಮ್‌’ನಲ್ಲಿ ಕೊಂಡಿದ್ದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದಾಗ ಹಣ ವಾಪಸ್ ಕೇಳಬಹುದು. ಮೊದಲ ಅರ್ಧ ಗಂಟೆಯಲ್ಲೇ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಎರಡು ಗಂಟೆಯೊಳಗೆ ಪೂರ್ತಿ ಆಡಿ ಮುಗಿಸಿ ದುಡ್ಡು ಹಿಂದಕ್ಕೆ ಪಡೆಯುವುದು ಮಾತ್ರ ಅನ್ಯಾಯ. ಇಂಥ ಆಟಗಳನ್ನು ಕಟ್ಟುವವರು ಬಹುಪಾಲು ಸಣ್ಣ ತಂಡದವರು.

ನಮ್ಮ ಮಕ್ಕಳಿಗೆ ನಿಜವಾದ ಅಡ್ಡಿ ಇಂಗ್ಲಿಷ್. ‘ಗಾನ್ ಹೋಮ್’ನಲ್ಲಿ ಕಾಗದ ಎಷ್ಟು ಹೊತ್ತಾದರೂ ಕಾಯುತ್ತದೆ, ಒಬ್ಬರು ಆಡಿ, ಇನ್ನೊಬ್ಬರು ಓದಿ ಕನ್ನಡದಲ್ಲಿ ಹೇಳಬಹುದು. 2016ರ ‘ಫೈರ್‌ವಾಚ್’ನಲ್ಲಿ ಹಾಗಾಗದು. ಅಲ್ಲಿ ಕಾಡು ಕಾಯುವವನು ವಾಕಿಟಾಕಿಯಲ್ಲಿ ಮೇಲಧಿಕಾರಿಗೆ ಉತ್ತರ ಕೊಡಲು ಸಿಗುವುದು ಕೆಲವೇ ಕ್ಷಣ, ಸುಮ್ಮನಿದ್ದರೆ ಮೌನವೇ ಉತ್ತರವಾಗುತ್ತದೆ. ಹಾಗಾಗಿ ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಅದರ ಕೊನೆ ಸಪ್ಪೆ ಎನ್ನುವವರಿದ್ದಾರೆ. ಅವನು ಕಾಡಿಗೆ ಬಂದದ್ದು ಯಾವುದರಿಂದ ತಪ್ಪಿಸಿಕೊಳ್ಳಲು ಎಂಬುದನ್ನು ಆರಂಭದಲ್ಲೇ ಗಮನವಿಟ್ಟು ಓದಿದವರಿಗೆ ಹಾಗೆ ಅನಿಸಲಾರದು.

ಕನ್ನಡದ್ದೇ ಆಟ ಬೇಕಾದರೆ ಜಾಗ ಗಂಗಾವತಿ ತಾಲ್ಲೂಕಿನಲ್ಲೇ ಇದೆ. ಹಿರೇಬೆಣಕಲ್ ಗುಡ್ಡದ ಮೇಲೆ ದುಂಡು ಕಿಂಡಿಯ, ಕಬ್ಬಿಣ ಯುಗದ ಕಲ್ಲುಮನೆಗಳು ನೂರಾರಿವೆ, ಬಡಿದರೆ ದೂರದವರೆಗೆ ಕೇಳುವ ಕಲ್ಲಿನ ನಗಾರಿಯೂ ಇದೆ. ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಇದನ್ನು ಎತ್ತಿಕೊಳ್ಳಲಿ, ಅಧ್ಯಾಪಕರು ಒಪ್ಪಿಗೆ ಕೊಡಲಿ. ಆಟ ಕಟ್ಟಲು ಉಚಿತವಾಗಿ ಸಿಗುವ ತಂತ್ರಾಂಶ ‘ಗೋಡೋ’ ಎಂಜಿನ್‌ನ 3ನೇ ಆವೃತ್ತಿ ಬೇಡ, ಅದರಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. 2023ರಲ್ಲಿ ಬಂದ 4ನೇ ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಕಲ್ಲುಮನೆಗಳ ಫೋಟೊಗಳಿಂದ ಮೂರು ಆಯಾಮದ ಮಾದರಿ ಕಟ್ಟುವಾಗ ಪ್ರತಿ ಚಿತ್ರದ ಮುಕ್ಕಾಲು ಭಾಗವಾದರೂ ಹಿಂದಿನ ಚಿತ್ರದಲ್ಲಿ ಇರಬೇಕು. ನಡುಹಗಲಲ್ಲಿ ತೆಗೆಯಬೇಡಿ, ಗಾಢ ನೆರಳು ಮಾದರಿಯ ಕಲ್ಲಿಗೇ ಅಂಟಿಕೊಂಡುಬಿಡುತ್ತದೆ. ಇಡೀ ಗುಡ್ಡವನ್ನೇ ಕಟ್ಟಲು ಹೋಗದೆ, ಮೊದಲು ನಾಲ್ಕೈದು ಕಲ್ಲುಮನೆ ಮತ್ತು ಅರ್ಧ ಗಂಟೆಯ ಕಥೆಯಿಂದ ಶುರು ಮಾಡಲಿ.

– ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ